ನೀಲಿ ಎಲೆಯ ಹಾಸಿಗೆ

ಆ ಮನೆಯ ಬೆಡ್‌ಶೀಟುಗಳನ್ನು ನಾನೂ ನನ್ನ ಹೆಂಡತಿಯೂ ಮೂವತ್ತನಾಲ್ಕು ವರ್ಷ ಮಡಿಸಿದ್ದೇವೆ. ಆ ಮನೆಯನ್ನು ಮಾತ್ರ ಒಂದು ದಿನವೂ ಕಂಡಿರಲಿಲ್ಲ.

ನಾವಿಬ್ಬರೂ ದೊಡ್ಡ ಲಾಂಡ್ರಿಯೊಂದರಲ್ಲಿ ಕೆಲಸಕ್ಕಿದ್ದವರು. ಊರಿನ ಹೋಟೆಲು, ಆಸ್ಪತ್ರೆ, ರೈಲುಗಳ ಬಟ್ಟೆಯೆಲ್ಲ ಅಲ್ಲಿಗೇ ಬರುತ್ತಿತ್ತು. ಒಂದೊಂದಕ್ಕೂ ಒಂದೊಂದು ಗುರುತು. ಆಸ್ಪತ್ರೆಯದಕ್ಕೆ ಕೆಂಪು ಗೀಟು, ರೈಲಿನದಕ್ಕೆ ಅಂಕಿ. ಒಂದು ಮನೆಯಿಂದ ಬರುತ್ತಿದ್ದ ಬಟ್ಟೆಯ ಮೂಲೆಯಲ್ಲಿ ಮಾತ್ರ ಹೆಬ್ಬೆರಳಿನ ಉಗುರಿನಷ್ಟು ಒಂದು ಎಲೆ, ನೀಲಿ ದಾರದಲ್ಲಿ ಕೈಯಿಂದ ಹಾಕಿದ್ದು. ಅದು ಗಂಡ ಹೆಂಡಿರು ಬಂದು ಎರಡು ದಿನ ಇದ್ದು ಹೋಗುವ ಜಾಗವಂತೆ, ಕೋಣೆ ಐದೇ ಅಂತೆ, ಬೆಳಗಿನ ತಿಂಡಿಯನ್ನು ಒಡತಿಯೇ ನಿಂತು ಬಡಿಸುತ್ತಾಳಂತೆ ಎಂದು ವ್ಯಾನಿನ ಡ್ರೈವರು ಹೇಳುತ್ತಿದ್ದ. ನಾವು ಅದನ್ನು ನೀಲಿ ಎಲೆ ಮನೆ ಎಂದು ಕರೆದುಕೊಂಡಿದ್ದೆವು.

ಬೆಡ್‌ಶೀಟು ಮಡಿಸುವುದು ಒಬ್ಬರ ಕೈಲಾಗುವ ಕೆಲಸವಲ್ಲ. ಬಿಸಿ ಉರುಳೆಯಿಂದ ಹೊರಗೆ ಬಂದದ್ದನ್ನು ಈ ತುದಿಗೊಬ್ಬರು ಆ ತುದಿಗೊಬ್ಬರು ಹಿಡಿದು ಎಳೆಯಬೇಕು. ಉದ್ದಕ್ಕೆ ಎರಡು ಮಡಿಕೆ ಹಾಕಬೇಕು. ಆಮೇಲೆ ಒಬ್ಬರ ಕಡೆಗೊಬ್ಬರು ನಡೆದು ಬಂದು ಮೂಲೆಗೆ ಮೂಲೆ ಕೊಡಬೇಕು. ಆಗ ಕೈಗೆ ಕೈ ತಾಗುತ್ತದೆ. ದಿನಕ್ಕೆ ಇನ್ನೂರು ಸಲ ಹೀಗೆ ಒಬ್ಬಳ ಎದುರಿಗೆ ನಡೆದು ಹೋದರೆ ಮದುವೆಯಾಗದೆ ಇನ್ನೇನಾಗುತ್ತದೆ, ನೀವೇ ಹೇಳಿ.

ಲಾಂಡ್ರಿಯಲ್ಲಿ ಅವಳನ್ನು ಸೂಜಿ ಎನ್ನುತ್ತಿದ್ದರು. ಹರಿದ ಬಟ್ಟೆಗೆ ಎಳೆಗೆ ಎಳೆ ಸೇರಿಸಿ ನೇಯ್ದು ಸರಿಮಾಡುವ ಕೆಲಸವೂ ಅವಳದೇ. ನಾಲಿಗೆಯೂ ಅಷ್ಟೇ ಚೂಪು. ನನ್ನನ್ನು ಗೂಟ ಎನ್ನುತ್ತಿದ್ದರು. ನಿಲ್ಲಿಸಿದ ಕಡೆ ನಿಂತಿರುತ್ತಿದ್ದೆ, ಮಾತಿಲ್ಲ ಕತೆಯಿಲ್ಲ. ನೀಲಿ ಎಲೆಯ ಬೆಡ್‌ಶೀಟೊಂದನ್ನು ನಾನು ಹರಿದು ಹಾಕಿದ್ದೂ ಉಂಟು. ಅದನ್ನು ಆಮೇಲೆ ಹೇಳುತ್ತೇನೆ.

ಆ ಮನೆಯ ಬಟ್ಟೆ ಬಂದ ದಿನ ಅವಳು ಮೇಸ್ತ್ರಿಯ ಕಣ್ಣು ತಪ್ಪಿಸಿ ಅದನ್ನು ಕೆನ್ನೆಗೆ ಒತ್ತಿಕೊಳ್ಳುತ್ತಿದ್ದಳು. “ಇದರ ಮೇಲೆ ಯಾರು ಮಲಗ್ತಾರೋ, ಪುಣ್ಯವಂತರು,” ಎನ್ನುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಒಂದು ದಿನ ಹಾಗೆಂದಾಗ ನನ್ನ ಬಾಯಿಂದ ಬಂದುಬಿಟ್ಟಿತು: “ಒಂದಿನ ನೀನೇ ಮಲಗ್ತೀಯ. ನಾನು ಕರ್ಕೊಂಡು ಹೋಗ್ತೀನಿ.”

ಅವಳು ಅದನ್ನು ಬಿಡಲಿಲ್ಲ. “ನಮ್ಮ ಯಜಮಾನ್ರು ಜೀವಮಾನದಲ್ಲಿ ಬಾಯಿಬಿಟ್ಟು ಒಂದೇ ಒಂದು ಮಾತು ಕೊಟ್ಟಿದ್ದು. ಅದೂ ಬುರುಡೆ,” ಎಂದು ಮಗಳ ಮುಂದೆ, ಅಳಿಯನ ಮುಂದೆ, ಪಕ್ಕದ ಮನೆಯವರ ಮುಂದೆ ವರ್ಷಕ್ಕೊಮ್ಮೆಯಾದರೂ ಹೇಳುತ್ತಿದ್ದಳು. ನಗುತ್ತಲೇ ಹೇಳುತ್ತಿದ್ದಳು. ಸಿಟ್ಟಿನಲ್ಲಿ ಹೇಳಿದ್ದರೆ ನಾನೂ ಮರೆತುಬಿಡುತ್ತಿದ್ದೆನೋ ಏನೋ.

ಮದುವೆಯಾಗಿ ನಲವತ್ತೊಂದು ವರ್ಷ ತುಂಬುವಾಗ ಮಗಳು ಕೇಳಿದಳು: “ಅಪ್ಪಾ, ಈ ಸಲ ಏನು ಕೊಡಿಸಲಿ? ಸ್ವೆಟರ್ ಅಂದ್ರೆ ನೋಡು ಮತ್ತೆ.”

“ನೀಲಿ ಎಲೆ ಮನೇಲಿ ಎರಡು ರಾತ್ರಿ,” ಅಂದೆ.

ಮಗಳು ಕೈಲಿದ್ದ ಸೌಟು ಕೆಳಗಿಟ್ಟಳು. ನಾನಾಗಿ ಏನನ್ನಾದರೂ ಕೇಳಿದ್ದು ಅದೇ ಮೊದಲು. ಅಳಿಯ ಆ ಹಳೆಯ ಡ್ರೈವರನ್ನು ಹುಡುಕಿಕೊಂಡು ಹೋಗಿ, ವಿಳಾಸ ಕೇಳಿ, ಕೋಣೆ ಗೊತ್ತುಮಾಡಿ ಬಂದ. ಎಲ್ಲಿಗೆ ಹೋಗುವುದೆಂದು ಅವಳಿಗೆ ಮಾತ್ರ ಹೇಳಕೂಡದು ಎಂದು ನಾನು ತಾಕೀತು ಮಾಡಿದ್ದೆ.

ಕಾರಿನಿಂದಿಳಿದಾಗ ಬಾಗಿಲಲ್ಲಿ ಒಡತಿ ನಿಂತಿದ್ದರು. ಐವತ್ತೈದರ ಆಸುಪಾಸು, ಕತ್ತರಿಸಿದ ನರೆಗೂದಲು, ಸೊಂಟದಲ್ಲಿ ಕೀಲಿಗೊಂಚಲು. ಎರಡೂ ಕೈ ಚಾಚಿ, “ಬನ್ನಿ ಬನ್ನಿ, ಮದುಮಕ್ಕಳೇ!” ಅಂದರು. ನನ್ನ ಹೆಂಡತಿ ಹಿಂದಕ್ಕೆ ತಿರುಗಿ, ಬೇರೆ ಯಾರು ಬಂದರೆಂದು ನೋಡಿದಳು.

ಕೋಣೆ ಮಹಡಿಯ ಮೇಲಿತ್ತು. ಇಷ್ಟಗಲ ಕಿಟಕಿ, ಕಿಟಕಿಗೆ ಎರಡು ಕುರ್ಚಿ, ಒಂದು ಮೂಲೆಯಲ್ಲಿ ನಾಲ್ಕು ಕಾಲಿನ ಬಿಳಿ ಸ್ನಾನದ ತೊಟ್ಟಿ.

“ಅಯ್ಯೋ, ತೊಟ್ಟಿ ತಂದು ಕೋಣೇಲಿಟ್ಟಿದ್ದಾರಲ್ರೀ! ಬಾಗಿಲಾದ್ರೂ ಬೇಡ್ವಾ?”

ಒಡತಿ ನಕ್ಕು ಹೋದರು. ಮಂಚದ ಮೇಲೆ ಗುಲಾಬಿ ಪಕಳೆಗಳನ್ನು ಹೃದಯದ ಆಕಾರಕ್ಕೆ ಜೋಡಿಸಿದ್ದರು. ಅದರ ನಡುವೆ ಟವೆಲಿನಿಂದ ಮಾಡಿದ ಎರಡು ಹಂಸಗಳು ಕೊಕ್ಕಿಗೆ ಕೊಕ್ಕು ಕೊಟ್ಟು ಕುಳಿತಿದ್ದವು. ಅವಳು ಸೊಂಟಕ್ಕೆ ಕೈಯಿಟ್ಟು ಸುತ್ತ ಒಮ್ಮೆ ಬಂದಳು.

“ಒಳ್ಳೆ ಟವೆಲನ್ನ ಹಿಡಿದು ತಿರುಚಿ ಬಾತುಕೋಳಿ ಮಾಡಿದ್ದಾರೆ. ಇದರ ಸುಕ್ಕು ಯಾರು ಬಿಡಿಸ್ತಾರೆ, ಇವರಪ್ಪನಾ?” ಎನ್ನುತ್ತ ಎರಡೂ ಹಂಸಗಳ ಕತ್ತು ಹಿಡಿದು ಬಿಚ್ಚಿ, ಲಾಂಡ್ರಿಯ ಲೆಕ್ಕದಲ್ಲಿ ಮೂರು ಮಡಿಕೆ ಹಾಕಿ ಕುರ್ಚಿಯ ಮೇಲಿಟ್ಟಳು. ಆಗ ದಿಂಬಿನ ಅಂಚು ಕಣ್ಣಿಗೆ ಬಿತ್ತು.

ಅವಳ ಕೈ ನಿಂತಿತು. ಬಗ್ಗಿ ನೋಡಿದಳು. ಕನ್ನಡಕ ಮೇಲೇರಿಸಿ ಮತ್ತೆ ನೋಡಿದಳು. ನಾನು ಕಿಟಕಿಯ ಹೊರಗೆ ನೋಡುವವನ ಹಾಗೆ ನಿಂತಿದ್ದೆ.

“ರೀ.”

“ಹೂಂ.”

“ಇದು ನೀಲಿ ಎಲೆ ಮನೆ.”

“ಹೌದು.”

“ಗೊತ್ತಿದ್ದೂ ಹೇಳ್ಲಿಲ್ಲ ನೀವು! ದಾರಿಯುದ್ದಕ್ಕೂ ಆ ಗೂಟದ ಮುಖ ಇಟ್ಕೊಂಡು ಕೂತಿದ್ರಿ!” ಎಂದು ಬಂದು ನನ್ನ ಬೆನ್ನಿಗೆ ಗುದ್ದಿದಳು. ಆಮೇಲೆ ಅದೇ ಬೆನ್ನಿಗೆ ಹಣೆ ಒತ್ತಿಕೊಂಡು ಸ್ವಲ್ಪ ಹೊತ್ತು ನಿಂತಳು. ಕೊಟ್ಟ ಮಾತು ಉಳಿಯಿತು ಎಂದುಕೊಂಡೆ. ಅವಸರಪಟ್ಟೆ.

ಅವಳಿಗೆ ಮಂಡಿನೋವು. ಮಲಗುವ ಮುಂಚೆ ಹಳದಿ ಮುಲಾಮು ಹಚ್ಚಿ ತಿಕ್ಕದಿದ್ದರೆ ಬೆಳಿಗ್ಗೆ ಕಾಲೂರಲಾಗದು. ಆ ಮುಲಾಮು ಬಟ್ಟೆಗೆ ತಗುಲಿದರೆ ಆಯಿತು, ಏಳು ನೀರಿಗೆ ಹಾಕಿದರೂ ಹೋಗುವ ಕಲೆಯಲ್ಲ. ಲಾಂಡ್ರಿಯಲ್ಲಿದ್ದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಚಹಾಕ್ಕೆ ತಣ್ಣೀರು, ರಕ್ತಕ್ಕೆ ಉಪ್ಪು, ಮೇಣಕ್ಕೆ ಇಸ್ತ್ರಿ. ಹಳದಿ ಮುಲಾಮಿಗೆ ಮಾತ್ರ ಮದ್ದಿಲ್ಲ.

ದೀಪ ಆರಿಸುವ ಹೊತ್ತಿಗೆ ನೋಡುತ್ತೇನೆ, ತನ್ನ ಚೀಲದ ತಳದಿಂದ ಮನೆಯ ಹಳೆಯ ಚೌಕುಳಿ ಬೆಡ್‌ಶೀಟು ತೆಗೆದು ಕೆಳಗಿನ ಜಮಖಾನದ ಮೇಲೆ ಹಾಸುತ್ತಿದ್ದಾಳೆ.

“ಇದೇನೇ ಇದು?”

“ನೀವು ಮೇಲೆ ಮಲಗಿ. ನನಗೆ ಇಲ್ಲೇ ಆರಾಮ.”

“ನಿನಗೋಸ್ಕರ ಬಂದಿದ್ದು.”

“ನೋಡಿದ್ನಲ್ಲ, ಮುಟ್ಟಿದ್ನಲ್ಲ, ಸಾಕು. ಹಾಲಿನ ಕೆನೆ ಥರ ಇದೆ ರೀ ಅದು. ಅದಕ್ಕೆ ನಾನು ಹಳದಿ ಬಳಿದು ಹೋಗ್ಲಾ? ಅಲ್ಲಿ ಲಾಂಡ್ರೀಲಿ ಯಾವಳೋ ಒಬ್ಬಳು ಉಜ್ಜಿ ಉಜ್ಜಿ ಬೆರಳು ಸವೆಸ್ಕೊಂಡು ನನಗೆ ಶಾಪ ಹಾಕ್ತಾಳೆ. ನಾನು ಎಷ್ಟು ಜನಕ್ಕೆ ಹಾಕಿಲ್ಲ!”

ಅವಳೊಬ್ಬಳನ್ನೇ ಕೆಳಗೆ ಬಿಟ್ಟು ನಾನು ಮೇಲೆ ಮಲಗುವುದುಂಟೇ. ನಾನೂ ಇಳಿದೆ. ಅವಳು ಮಲಗಿದ ಕೂಡಲೇ ಗೊರಕೆ ಹೊಡೆದಳು. ನನಗೆ ನಿದ್ದೆ ಹತ್ತಲಿಲ್ಲ. ನಲವತ್ತೊಂದು ವರ್ಷದ ಮಾತು ಮಂಚದ ಮೇಲೆ, ಒಂದು ಮೊಳ ಎತ್ತರದಲ್ಲಿ ನಿಂತುಬಿಟ್ಟಿತ್ತು. ಉಳಿದದ್ದು ಇನ್ನೊಂದೇ ರಾತ್ರಿ.

ಬೆಳಿಗ್ಗೆ ಒಡತಿ ತಾವೇ ಚಹಾದ ತಟ್ಟೆ ಹಿಡಿದು ಬಂದರು. ಅಷ್ಟರಲ್ಲಿ ಚೌಕುಳಿ ಬೆಡ್‌ಶೀಟು ಚೀಲ ಸೇರಿತ್ತು. ಒಡತಿಯ ಕಣ್ಣು ಮಂಚಕ್ಕೆ ಹೋಯಿತು. ಪಕಳೆಯ ಹೃದಯದಲ್ಲಿ ಒಂದು ಪಕಳೆಯೂ ಅಲುಗಿರಲಿಲ್ಲ. ಅಲ್ಲಿಂದ ಕಣ್ಣು ಒಂದು ಕುರ್ಚಿಗೆ ಹೋಯಿತು, ಇನ್ನೊಂದು ಕುರ್ಚಿಗೆ ಹೋಯಿತು, ಆಮೇಲೆ ನಮ್ಮಿಬ್ಬರ ಮುಖಕ್ಕೆ ಬಂತು. “ಓ,” ಎಂದು ಮೆಲ್ಲಗೆ ಹೇಳಿ ತಟ್ಟೆ ಇಟ್ಟು ಹೋದರು.

ತಿಂಡಿಗೆ ಇಳಿಯುವಾಗ ಮೆಟ್ಟಿಲ ಬಳಿ ನನ್ನನ್ನು ತಡೆದರು.

“ಯಜಮಾನ್ರೇ, ತಪ್ಪು ತಿಳ್ಕೋಬೇಡಿ. ಇಪ್ಪತ್ತೆರಡು ವರ್ಷದಿಂದ ಈ ಮನೆ ನಡೆಸ್ತಿದ್ದೀನಿ. ಮುನಿಸ್ಕೊಂಡು ಬಂದೋರಿದ್ದಾರೆ, ಮುನಿಸ್ಕೊಂಡು ವಾಪಸ್ ಹೋದೋರಿಲ್ಲ. ಏನೇ ಇದ್ರೂ ಮಾತಾಡಿ. ಗಂಡಸರು ಮಾತಾಡದೇ ಎಷ್ಟೋ ಸಂಸಾರ ಕೆಡುತ್ತೆ.”

ಏನೆಂದು ಅರ್ಥವಾಗಲಿಲ್ಲ. ತಲೆಯಾಡಿಸಿದರೆ ಮಾತು ಬೇಗ ಮುಗಿಯುತ್ತದೆ ಎಂಬುದು ನನ್ನ ಹಳೆಯ ಅನುಭವ. ತಲೆಯಾಡಿಸಿದೆ. ಅವರು ನನ್ನ ಭುಜ ತಟ್ಟಿದರು.

ಉಳಿದ ಜೋಡಿಗಳಿಗೆ ಒಳಗೆ ಮೇಜು ಹಾಕಿದ್ದರು. ನಮಗೆ ಮಾತ್ರ ಹೊರಗೆ, ಬಳ್ಳಿಯ ಕೆಳಗೆ. ಮೇಜು ಎಷ್ಟು ಚಿಕ್ಕದೆಂದರೆ ಅವಳ ಮಂಡಿ ನನ್ನ ಮಂಡಿಗೆ ಒತ್ತುತ್ತಿತ್ತು. ಹಗಲು ಬೆಳಕಿನಲ್ಲೇ ಮೇಣದ ಬತ್ತಿ ಹಚ್ಚಿದ್ದರು. ಮೊಟ್ಟೆ, ಬೆಣ್ಣೆ ಸವರಿದ ಬ್ರೆಡ್ಡು, ಹಣ್ಣು, ಅದರ ಪಕ್ಕದಲ್ಲಿ ಒಂದು ಚೀಟಿ. ನಾನು ಅಕ್ಷರ ಕೂಡಿಸಿ ಓದಿದೆ: “ಒಬ್ಬರ ಬಗ್ಗೆ ಒಬ್ಬರು ಮೂರು ಒಳ್ಳೆಯ ಮಾತು ಹೇಳಿ. ಆಮೇಲೆ ತಿಂಡಿ.”

“ಇದೇನು ಪರೀಕ್ಷೆನಾ?” ಅಂದಳು. “ಸರಿ, ಹೊಟ್ಟೆ ಹಸೀತಿದೆ, ಬೇಗ ಹೇಳಿ.”

ನಾನು ಯೋಚಿಸಿದೆ. “ಮೂಲೆ ಚೆನ್ನಾಗಿ ಕೂಡಿಸ್ತೀಯ.”

“ಒಂದು.”

“ದಾರ ಚೆನ್ನಾಗಿ ಪೋಣಿಸ್ತೀಯ.”

“ನಾನೇನು ಹೆಂಡ್ತಿನಾ, ಹೊಲಿಗೆ ಮಷೀನಾ? ಮೂರು?”

ಮೂರನೆಯದು ಬಾಯಿಗೆ ಬರಲಿಲ್ಲ. ಇರಲಿಲ್ಲವೆಂದಲ್ಲ, ಎಲ್ಲಿಂದ ಶುರು ಮಾಡುವುದೆಂದು ತಿಳಿಯಲಿಲ್ಲ. ಮೊಟ್ಟೆ ಆರುತ್ತಿತ್ತು. “ಬಿಡಿ, ಒಂದು ಸಾಲ ಇರ್ಲಿ,” ಎಂದು ಅವಳೇ ಚಮಚ ಎತ್ತಿಕೊಂಡಳು. “ನಿಮ್ಮದು ನಾನು ಹೇಳ್ತೀನಿ. ಮಾತಾಡಲ್ಲ, ಮಾತಾಡಲ್ಲ, ಮಾತಾಡಲ್ಲ. ಮೂರಾಯ್ತು.”

ತಿಂಡಿ ಮುಗಿಸಿ ಕೈತೊಳೆಯಲು ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ನೋಡಲು ಹೋದೆ. ಒಳ ಪಡಸಾಲೆಯಲ್ಲಿ ಒಡತಿ ಅವಳ ಎರಡೂ ಕೈ ಹಿಡಿದುಕೊಂಡು ನಿಂತಿದ್ದರು.

“ನನ್ನ ಹತ್ರ ಮುಚ್ಚಿಡಬೇಡಿ ಅಮ್ಮಾ. ಹಾಸಿಗೆ ನೋಡಿದೆ, ಒಬ್ಬರೂ ಮಲಗಿಲ್ಲ. ಎಷ್ಟು ವರ್ಷದಿಂದ ನಿಮ್ಮಿಬ್ಬರ ನಡುವೆ ಹೀಗೆ? ಅವರು ನಿಮ್ಮ ಜೊತೆ ಮಾತೇ ಆಡಲ್ವಾ?”

ನನ್ನ ಹೆಂಡತಿ ಒಮ್ಮೆ ಒಡತಿಯನ್ನು ನೋಡಿದಳು, ಒಮ್ಮೆ ಬಾಗಿಲಲ್ಲಿ ನಿಂತ ನನ್ನನ್ನು ನೋಡಿದಳು. ಮೊದಲು ಅವಳ ಭುಜ ಅಲುಗಿತು. ಅಳುತ್ತಿದ್ದಾಳೆಂದು ಒಡತಿ ಅವಳನ್ನು ತಬ್ಬಿಕೊಂಡರು. ಅಷ್ಟರಲ್ಲಿ ನಗು ಹೊರಗೇ ಬಂತು. ಎಂಥ ನಗು ಅಂತೀರಿ! ಗೋಡೆ ಹಿಡಿದುಕೊಂಡು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು ನಕ್ಕಳು. ಒಳಗೆ ತಿಂಡಿ ತಿನ್ನುತ್ತಿದ್ದವರೆಲ್ಲ ಕತ್ತು ಚಾಚಿ ನೋಡಿದರು.

“ಜಗಳ ಅಲ್ಲ ತಾಯಿ, ಮಂಡಿ!” ಎಂದು ಉಸಿರು ತಿರುಗಿಸಿಕೊಂಡು, ಮುಲಾಮು, ಕಲೆ, ಲಾಂಡ್ರಿ, ನೀಲಿ ಎಲೆ, ಚೌಕುಳಿ ಬೆಡ್‌ಶೀಟು ಎಲ್ಲ ಹೇಳಿದಳು. ನಾನು ಮಾತು ಕೊಟ್ಟ ಕತೆಯನ್ನೂ ಬಿಡಲಿಲ್ಲ.

ಒಡತಿ ಹಣೆ ಚಚ್ಚಿಕೊಂಡರು. “ಅಯ್ಯೋ, ಮೇಣದ ಬತ್ತಿ ಬೇರೆ ಹಚ್ಚಿಬಿಟ್ಟೆನಲ್ಲ! ಅಮ್ಮಾ, ಕಲೆ ಆದ್ರೆ ಆಗ್ಲಿ. ಒಗೆದ್ರೆ ಆಯ್ತು.”

“ಒಗೆದ್ರೆ ಆಯ್ತು ಅನ್ನೋದು ಒಗೆಯದೇ ಇರೋರ ಮಾತು,” ಅಂದಳು ಸೂಜಿ.

ಒಡತಿಗೆ ಚುರುಕ್ಕೆಂದಿರಬೇಕು. ಆದರೆ ಒಳ್ಳೆಯ ಹೆಂಗಸು. “ಬನ್ನಿ, ನಿಮಗೆ ಒಂದು ಕೋಣೆ ತೋರಿಸ್ತೀನಿ. ಅತಿಥಿಗಳಿಗೆ ಯಾರಿಗೂ ತೋರಿಸಲ್ಲ,” ಎಂದು ಕೀಲಿಗೊಂಚಲು ತೆಗೆದರು.

ಅದು ಬಟ್ಟೆಯ ಕೋಣೆ. ನೆಲದಿಂದ ಸೂರಿನ ತನಕ ಬಿಳಿ ಬಟ್ಟೆಯ ಸಾಲು. ಒಗೆದು ಇಸ್ತ್ರಿಯಾದ ಬಟ್ಟೆಯ ವಾಸನೆ ಮೂಗಿಗೆ ಹೊಡೆದಾಗ ನನಗೆ ಇಪ್ಪತ್ತನಾಲ್ಕು ವರ್ಷದವನಾದ ಹಾಗೆ ಆಯಿತು. ಅವಳು ಸಾಲಿಗೆ ಅಂಗೈ ಸವರುತ್ತ ಹೋದಳು. “ಇದು ಮಷೀನ್ ಮಡಿಕೆ. ಇದರ ಅಂಚು ಕೂಡಿಲ್ಲ. ಇದನ್ನ ಮಡಿಸಿದವಳಿಗೆ ಅವತ್ತು ಗಂಡನ ಮೇಲೆ ಸಿಟ್ಟಿತ್ತು.” ಒಡತಿ ಹಿಂದೆ ಹಿಂದೆಯೇ ನಗುತ್ತ ಬಂದರು.

ಎಲ್ಲಕ್ಕಿಂತ ಮೇಲಿನ ಹಲಗೆಯಲ್ಲಿ ಹಳೆಯ ಬಟ್ಟೆಯ ಒಂದು ಕಟ್ಟಿತ್ತು.

“ಅದು ನಮ್ಮತ್ತೆ ಕಾಲದ್ದು,” ಅಂದರು ಒಡತಿ. “ಈಗಿನ ಎಲೆ ಮಷೀನಿಂದು. ಆಗ ಹಾಕ್ತಿದ್ದೋರು ಅವರೇ, ಒಂದೊಂದನ್ನೂ ಕೈಯಾರೆ. ಎಲ್ಲ ಸವೆದು ಹೋಯ್ತು, ಇವು ಆರು ಉಳಿದಿವೆ. ಒಂದನ್ನ ಮಾತ್ರ ಅವರು ಯಾರಿಗೂ ಹಾಸೋಕೆ ಬಿಡ್ತಿರಲಿಲ್ಲ. ಲಾಂಡ್ರೀಲಿ ಯಾರೋ ಪುಣ್ಯಾತ್ಗಿತ್ತಿ ನನ್ನ ಎಲೆಗೆ ತೊಟ್ಟು ಹಾಕಿ ಕಳಿಸಿದ್ದಾಳೆ ನೋಡು ಅಂತ ಎಲ್ಲರಿಗೂ ತೋರಿಸ್ತಿದ್ರು.”

ನಾನು ಕಟ್ಟು ಇಳಿಸಿಕೊಟ್ಟೆ. ಅವಳು ಕಣ್ಣು ಹಾಯಿಸಲೂ ಇಲ್ಲ, ಬೆರಳಾಡಿಸಿದಳು. ಮೂರನೆಯದರ ಮೂಲೆಯಲ್ಲಿ ಬೆರಳು ನಿಂತಿತು.

ಈಗ ಹೇಳುತ್ತೇನೆ. ನಾನು ಲಾಂಡ್ರಿಗೆ ಸೇರಿ ಎರಡನೆಯ ತಿಂಗಳು. ಬೆಡ್‌ಶೀಟಿನ ಆ ತುದಿ ಹಿಡಿದವಳ ಮುಖವನ್ನೇ ನೋಡುತ್ತ ನಿಂತಿದ್ದೆ. ನನ್ನ ಕೈಲಿದ್ದ ಅಂಚು ಉರುಳೆಯ ಬೋಲ್ಟಿಗೆ ಸಿಕ್ಕಿಕೊಂಡದ್ದು ತಿಳಿಯಲಿಲ್ಲ. ಅವಳು ಎಳೆದಳು, ನಾನೂ ಎಳೆದೆ, ಎಲೆಯ ಬುಡದಿಂದ ಗೇಣುದ್ದ ಪರ್ರೆಂದಿತು. ಬಟ್ಟೆ ಹರಿದವನು ನಾಳೆಯಿಂದ ಬರುವಂತಿಲ್ಲ ಎಂಬುದು ಮೇಸ್ತ್ರಿಯ ಕಾನೂನು. ಅವಳು ಅದನ್ನು ಮಡಿಲಿಗೆ ಸುತ್ತಿಕೊಂಡು ಹೋದಳು. ಊಟದ ಬಿಡುವಿನಲ್ಲಿ ಊಟ ಬಿಟ್ಟು, ಬಾಯ್ಲರಿನ ಹಿಂದೆ ಕುಳಿತು ಎಳೆಗೆ ಎಳೆ ನೇಯ್ದಳು. ಕೊನೆಗೆ ಬಿಳಿ ದಾರ ಸಾಲದೆ ಬಂತು. ತನ್ನ ಅಂಗಿಯ ತೋಳಿನಿಂದಲೇ ನೀಲಿ ಎಳೆ ಕಿತ್ತು ಎಲೆಯ ಬುಡಕ್ಕೆ ಕೂಡಿಸಿಬಿಟ್ಟಳು. ಮೇಸ್ತ್ರಿಗೆ ಗೊತ್ತಾಗಲಿಲ್ಲ. ಸಂಜೆ ಗೇಟಿನಲ್ಲಿ ನಾನು ಮೊದಲ ಸಲ ಅವಳೊಂದಿಗೆ ಮಾತಾಡಿದೆ. “ಊಟ ಆಯ್ತಾ?” ಅಂತ. ಅವಳು ಊಟ ಬಿಟ್ಟದ್ದೇ ನನ್ನಿಂದ!

ಈಗ ಆ ಬಟ್ಟೆ ಅವಳ ಕೈಯಲ್ಲಿತ್ತು. ಎಲೆ ಮಾಸಿತ್ತು, ತೊಟ್ಟು ಗಟ್ಟಿಯಾಗಿತ್ತು.

“ರೀ, ನಿಮ್ಮ ಹರಕು,” ಅಂದಳು.

“ನಿನ್ನ ತೊಟ್ಟು,” ಅಂದೆ.

ಒಡತಿ ನಮ್ಮಿಬ್ಬರನ್ನೂ ನೋಡುತ್ತ ಕಪಾಟಿಗೆ ಒರಗಿಕೊಂಡರು.

ಇಂಥ ಹೊತ್ತಿನಲ್ಲಿ ನಾನು ಸುಮ್ಮನಿರುವವನು. ಆದರೆ ಒಂದೇ ರಾತ್ರಿ ಉಳಿದಿತ್ತು. “ತಾಯಿ,” ಅಂದೆ, “ಇವತ್ತು ನಮ್ಮ ಮಂಚಕ್ಕೆ ಇದನ್ನೇ ಹಾಸಬಹುದಾ?”

“ಸುಮ್ನಿರಿ,” ಅಂದಳು ಹೆಂಡತಿ. “ಅವರತ್ತೆ ಯಾರಿಗೂ ಹಾಸದೇ ಇಟ್ಟಿದ್ದು. ಅದಕ್ಕೆ ಮುಲಾಮು ಬಳೀಲಾ?”

“ಬೇರೆಯವರ ಬಟ್ಟೆಗೆ ಕಲೆ ಮಾಡಬಾರದು ಅಂದೆ, ಒಪ್ಪಿದೆ. ಇದು ಬೇರೆಯವರದಲ್ಲ. ಇದರಲ್ಲಿ ಗೇಣುದ್ದ ನಿನ್ನದು. ಆ ಗೇಣಿನ ಮೇಲೆ ಮಂಡಿ ಇಡು.”

ನನ್ನ ಬಾಯಿಂದ ಇಷ್ಟುದ್ದ ಮಾತು ಬಂದದ್ದಕ್ಕೋ ಏನೋ, ಅವಳು ಕನ್ನಡಕ ಮೇಲೇರಿಸಿ ನನ್ನನ್ನೇ ನೋಡಿದಳು. ಒಡತಿಗೆ ಅಷ್ಟೇ ಸಾಕಾಯಿತು. “ನಮ್ಮತ್ತೆ ಯಾರಿಗೂ ಹಾಸದೇ ಇಟ್ಟಿದ್ದು ಯಾಕೆ ಅಂತ ಈಗ ಗೊತ್ತಾಯ್ತು. ನಡೀರಿ,” ಎಂದು ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿಯೇಬಿಟ್ಟರು.

ಹಾಸುವಾಗ ಅವಳು ಕೈ ಹಾಕಲು ಬಂದಳು. ನಾನು ಅವಳ ಭುಜ ಹಿಡಿದು ಕಿಟಕಿಯ ಕುರ್ಚಿಯಲ್ಲಿ ಕೂರಿಸಿದೆ. “ಇವತ್ತು ನೀನು ಏಳೋ ಹಾಗಿಲ್ಲ.” ಒಡತಿ ಆ ತುದಿ ಹಿಡಿದರು, ನಾನು ಈ ತುದಿ. ಎದ್ದು ಬರುವಂತಿಲ್ಲ, ಬಾಯಿಗೆ ಯಾರು ಬೀಗ ಹಾಕುತ್ತಾರೆ!

“ಮೂಲೆ! ಮೂಲೆ ಎಳೀರಿ ತಾಯಿ! ಹಾಗಲ್ಲ, ಕೆಳಗೆ ಸಿಗಿಸಿ! ರೀ, ಆ ಕಡೆ ಏನು ನೋಡ್ತಾ ಇದ್ದೀರಿ, ಮತ್ತೆ ಹರೀಬೇಕಾ?”

ಮಧ್ಯಾಹ್ನವೇ, “ಒಂದು ಸಲ ಹೇಗಿದೆ ನೋಡ್ತೀನಿ, ಅಷ್ಟೇ,” ಎಂದು ಮಂಚದ ಅಂಚಿಗೆ ಕುಳಿತಳು. ಮುಲಾಮು ಹಚ್ಚಿಕೊಂಡಳು. ಕಾಲು ಮೇಲೆತ್ತಿದಳು. ಕೆನ್ನೆಯನ್ನು ಬಟ್ಟೆಗೆ ಒತ್ತಿದಳು, ಲಾಂಡ್ರಿಯಲ್ಲಿ ಒತ್ತುತ್ತಿದ್ದ ಹಾಗೆಯೇ. “ರೀ,” ಅಂದಳು. ಮುಂದಿನ ಮಾತಿಗೆ ಕಾದೆ. ನಿದ್ದೆ ಹೋಗಿದ್ದಳು. ಬಿಸಿಲು ಗೋಡೆಯಿಂದ ಗೋಡೆಗೆ ಹೋಯಿತು. ನಾನು ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದೆ. ಸಂಜೆ ಎದ್ದು, ಒಡತಿ ಚಹಾದ ಜೊತೆ ಕಳಿಸಿದ್ದ ಕೇಕು ತಿಂದು, ತೊಟ್ಟಿಯ ಮುಂದೆ ಪರದೆ ಕಟ್ಟಿಸಿಕೊಂಡು ಬಿಸಿನೀರಲ್ಲಿ ಒಂದು ಗಂಟೆ ಬಿದ್ದಿದ್ದು, ಮತ್ತೆ ಹೋಗಿ ಮಲಗಿದಳು.

ಮರುದಿನ ತಿಂಡಿಯ ತಟ್ಟೆ ಹಾಸಿಗೆಗೇ ಬಂತು. ಅವಳು ಎರಡು ದಿಂಬಿಗೆ ಒರಗಿ ಕುಳಿತು, ಬ್ರೆಡ್ಡಿಗೆ ಬೆಣ್ಣೆಯನ್ನು ನಾನು ಸವರಬೇಕೆಂದು ಅಪ್ಪಣೆ ಮಾಡಿದಳು. ಸವರುತ್ತ ಹೇಳಿದೆ: “ನಿನ್ನೆಯದು ಒಂದು ಬಾಕಿ ಇತ್ತಲ್ಲ.”

“ಯಾವುದು?”

“ಮೂರನೇ ಮಾತು. ಅವತ್ತು ನಾನು ಬೋಲ್ಟು ನೋಡಲಿಲ್ಲ. ನಿನ್ನನ್ನೇ ನೋಡ್ತಿದ್ದೆ. ಈಗಲೂ ಹಾಗೇ ನೋಡೋ ಹಾಗೆ ಇದ್ದೀಯ.”

ಹೇಳಿದ್ದೇನೋ ಹೇಳಿದೆ, ಹೇಳಿದ ನಾಚಿಕೆಗೆ ಕೈ ತಪ್ಪಿ ಚಹಾದ ಕಪ್ಪು ಮಗುಚಿತು. ಬಿಳಿಯ ಬಟ್ಟೆಯ ಮೇಲೆ ಕಂದು ಬಣ್ಣ ಅಂಗೈಯಗಲ ಹರಡಿ, ನೀಲಿ ಎಲೆಯ ಕಡೆಗೆ ಹೊರಟಿತು. ನಾನು ಗಾಬರಿಯಿಂದ ಎದ್ದೆ. ಅವಳ ಕೈ ತಾನಾಗಿಯೇ ತಣ್ಣೀರಿನ ಲೋಟಕ್ಕೆ ಹೋಯಿತು, ಮೂವತ್ತನಾಲ್ಕು ವರ್ಷದ ಅಭ್ಯಾಸ. ಲೋಟ ಮುಟ್ಟಿತು. ಅಲ್ಲೇ ನಿಂತಿತು.

ಆಮೇಲೆ ಅವಳು ಲೋಟವೆತ್ತಿ, ಆ ತಣ್ಣೀರನ್ನು ತಾನೇ ಗಟಗಟನೆ ಕುಡಿದು, ದಿಂಬಿಗೆ ಒರಗಿ ಕಾಲು ಚಾಚಿದಳು.

“ಇರ್ಲಿ ಬಿಡಿ,” ಅಂದಳು. “ಒಗೆಯೋರು ಒಗೀತಾರೆ. ನನಗೆ ಇನ್ನೊಂದು ಕಪ್ಪು ಚಹಾ ಹೇಳಿ.”